ಗುರುತು ಸಿಗದ ಬಿಡಿಭಾಗಕ್ಕೆ ಡ್ರೈವರ್ ಹುಡುಕುವುದು ಹೇಗೆ?

ಪ್ರಶ್ನೆ: ಲ್ಯಾಪ್‌ಟಾಪ್‌ಗೆ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ‘ಅನ್‌ನೋನ್ ಡಿವೈಸ್’ ಕಾಣುತ್ತಿದೆ. ಅದು ಯಾವ ಭಾಗವೆಂದು ಯಂತ್ರ ಬಿಚ್ಚದೆ ತಿಳಿಯಬಹುದೇ?

ಉತ್ತರ: ಸಾಮಾನ್ಯವಾಗಿ ತಿಳಿಯಬಹುದು. ಪಿಸಿಐ ಅಥವಾ ಯುಎಸ್‌ಬಿ ಮೂಲಕ ಜೋಡಣೆಯಾಗುವ ಭಾಗಗಳು ತಮ್ಮೊಳಗೇ ಎರಡು ಸಂಕೇತಗಳನ್ನು ಹೊತ್ತಿರುತ್ತವೆ: ಒಂದು ತಯಾರಕರದು, ಇನ್ನೊಂದು ಮಾದರಿಯದು. ಡ್ರೈವರ್ ಇಲ್ಲದಿದ್ದರೂ ಕಂಪ್ಯೂಟರ್ ಇವನ್ನು ಓದಬಲ್ಲದು.

‘ಅನ್‌ನೋನ್ ಡಿವೈಸ್’ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್ ವಿಭಾಗದಲ್ಲಿ ‘ಹಾರ್ಡ್‌ವೇರ್ ಐಡಿ’ ಆರಿಸಿ. ಪಿಸಿಐ ಭಾಗವಾದರೆ ‘ವೆನ್’ ಪಕ್ಕದ ನಾಲ್ಕು ಅಂಕಿ-ಅಕ್ಷರಗಳು ತಯಾರಕರನ್ನೂ ‘ಡೆವ್’ ಪಕ್ಕದವು ಮಾದರಿಯನ್ನೂ ತಿಳಿಸುತ್ತವೆ. ಯುಎಸ್‌ಬಿಯಲ್ಲಿ ಇವು ‘ವಿಐಡಿ’, ‘ಪಿಐಡಿ’ ಎಂದಿರುತ್ತವೆ. ‘ವೆನ್’ 8086 ಆಗಿದ್ದರೆ ಅದು ಇಂಟೆಲ್. 1978ರಲ್ಲಿ ಆ ಕಂಪನಿ ಹೊರತಂದ ಹೆಸರಾಂತ ಪ್ರೊಸೆಸರ್‌ನ ಸಂಖ್ಯೆಯೂ ಇದೇ. 1002 ಇದ್ದರೆ ಎಎಂಡಿ. ಎರಡೂ ಸಂಕೇತಗಳನ್ನು ಸರ್ಚ್ ಮಾಡಿದರೆ ಭಾಗದ ಹೆಸರು ಸಿಗುತ್ತದೆ. ಲಿನಕ್ಸ್ ಬಳಸುವವರಿಗೆ ‘ಎಲ್‌ಎಸ್‌ಪಿಸಿಐ’ ಆದೇಶ ಪಿಸಿಐ ಭಾಗಗಳ ಬಗ್ಗೆ ಇದೇ ಮಾಹಿತಿ ಕೊಡುತ್ತದೆ.

ಡ್ರೈವರನ್ನು ಮಾತ್ರ ಲ್ಯಾಪ್‌ಟಾಪ್ ಅಥವಾ ಚಿಪ್ ತಯಾರಕರ ಅಧಿಕೃತ ತಾಣದಿಂದ, ಇಲ್ಲವೇ ವಿಂಡೋಸ್ ಅಪ್‌ಡೇಟ್ ಮೂಲಕವೇ ಪಡೆಯಿರಿ. ಅನೇಕ ಡ್ರೈವರ್‌ಗಳು ಕಾರ್ಯಾಚರಣ ವ್ಯವಸ್ಥೆಯ ತಿರುಳಿನಲ್ಲೇ ಕೆಲಸ ಮಾಡುತ್ತವೆ. ಅಪರಿಚಿತ ತಾಣದಿಂದ ತಂದದ್ದು ಇಡೀ ಯಂತ್ರವನ್ನೇ ಪರರ ಕೈಗೆ ಒಪ್ಪಿಸಬಹುದು. ವೈಫೈ ಕೂಡ ಕೆಲಸ ಮಾಡದಿದ್ದರೆ ಮೊದಲು ಅದರ ಡ್ರೈವರನ್ನು ಬೇರೆ ಕಂಪ್ಯೂಟರ್‌ನಿಂದ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿ. ಉಳಿದವುಗಳಲ್ಲಿ ಹೆಚ್ಚಿನವನ್ನು ವಿಂಡೋಸ್ ತಾನೇ ತರಿಸಿಕೊಳ್ಳುತ್ತದೆ.