ನಿಮಗಿದು ಗೊತ್ತೆ? ರೇಷ್ಮೆ ನೇಕಾರರ ದುಡಿಮೆ: ಲಿಯೋನ್, ಬೆಂಗಳೂರು

ಬೆಂಗಳೂರು ಪೇಟೆಯ ರೇಷ್ಮೆ ನೇಕಾರರಾದ ಪಟ್ಟೆಗಾರರು ಮತ್ತು ಖತ್ರಿಗಳ ಬಗ್ಗೆ 1800ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಬರೆದಿದ್ದಾನೆ.

ಅದೇ ಕಾಲದಲ್ಲಿ ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ ತನ್ನ ಹೆಸರಿನ ಮಗ್ಗವನ್ನು ರೂಪಿಸಿದ. ರಂಧ್ರವುಳ್ಳ ರಟ್ಟುಗಳ ಸರಣಿಯೇ ಯಾವ ಹಾಸು ಎಳೆ ಮೇಲೇಳಬೇಕೆಂದು ನಿರ್ಧರಿಸುತ್ತದೆ. ಎಳೆ ಎತ್ತಲು ಬೇರೊಬ್ಬ ಸಹಾಯಕ ಬೇಕಿಲ್ಲ.

ಆಗಿನ ಲಿಯೋನ್ ನೇಕಾರರಿಗೆ ಮನೆಯೇ ಕಾರ್ಯಾಗಾರವಾಗಿತ್ತು. ನೂಲು, ವಿನ್ಯಾಸ ವ್ಯಾಪಾರಿಯವು, ಕೂಲಿ ನೇಯ್ದಷ್ಟಕ್ಕೆ. ಕನಿಷ್ಠ ದರ ಕೇಳಿ ಅವರು 1831ರಲ್ಲಿ ದಂಗೆ ಎದ್ದರು. ಎತ್ತರದ ಜಕಾರ್ಡ್ ಹಿಡಿಸಲು ಕ್ರುವಾ-ರೂಸ್ ಬೆಟ್ಟದ ಮನೆಗಳಿಗೆ ಸುಮಾರು 4 ಮೀಟರ್ ಎತ್ತರದ ಚಾವಣಿ ಹಾಕಲಾಯಿತು.

ಜಕಾರ್ಡ್ ಮುಂದೆ ಕರ್ನಾಟಕದ ಮಗ್ಗಗಳಿಗೂ ಬಂತು. ಇಲ್ಲಿನ ಗುಂಡಿ ಮಗ್ಗದಲ್ಲಿ ನೇಕಾರ ನೆಲದ ಗುಂಡಿಯಲ್ಲಿ ಕಾಲಿಳಿಸಿ ತುಳಿಮಣೆ ಒತ್ತುತ್ತಾನೆ. ಮನೆಯ ಹೆಂಗಸರು ಕಂಡಿಕೆ ಸುತ್ತುತ್ತಾರೆ. ಮಾಲೀಕನಿಂದ ನೂಲು ಪಡೆದು ಸೀರೆಗಿಷ್ಟೆಂದು ದುಡಿಯುವ ಕೂಲಿ ನೇಯ್ಗೆ ಇಲ್ಲೂ ಇದೆ. ಮಗ್ಗ ನಿಂತರೆ ಇಡೀ ಕುಟುಂಬದ ಆದಾಯ ನಿಲ್ಲುತ್ತದೆ.

ಬೆಂಗಳೂರಿನ ರೇಷ್ಮೆಯ ನಂಟು ಸ್ಥಳದ ಹೆಸರಲ್ಲೂ ಇದೆ: ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಆ ಹೆಸರು ಬಂದದ್ದು ಅಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯಿಂದ. ಮಂಡಳಿಯ ಸ್ಥಾಪನೆಗೆ ಆಧಾರ 1948ರ ಕಾಯ್ದೆ.