ದಮನಕನ ಕಾವಲು

ಅನೇಕ ವರ್ಷಗಳ ಕಾಲ ನಾನು ನನ್ನ ವಿದ್ಯಾರ್ಥಿಗಳಿಗೆ ಒಂದು ಸಂಗತಿಯನ್ನು ತಪ್ಪಾಗಿ ಹೇಳಿಕೊಡುತ್ತಿದ್ದೆನೆಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುವುದು ಲೇಸು. ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಬೋಧಿಸುವುದು ನನ್ನ ವೃತ್ತಿಯಾಗಿದ್ದಿತು. ನಮ್ಮ ಕರುಳಿನಲ್ಲಿ ವಾಸಮಾಡುವ ಇ. ಕೋಲಿ ಎಂಬ ಬ್ಯಾಕ್ಟೀರಿಯದ ಪ್ರಸ್ತಾಪ ಬಂದಾಗಲೆಲ್ಲ, “ಇದಕ್ಕೆ ಲ್ಯಾಕ್ಟೋಸ್, ಅಂದರೆ ಹಾಲುಸಕ್ಕರೆಯನ್ನು ಕೊಟ್ಟರೆ, ಆ ಸಕ್ಕರೆಯೇ ತನ್ನನ್ನು ಒಡೆಯುವ ಕಿಣ್ವವನ್ನು ತಯಾರಿಸುವುದನ್ನು ಇದಕ್ಕೆ ಕಲಿಸುತ್ತದೆ” ಎನ್ನುತ್ತಿದ್ದೆ. ಮಾತು ಕೇಳುವುದಕ್ಕೆ ಹಿತವಾಗಿದ್ದಿತು. ಮೇಷ್ಟರಾದವರಿಗಂತೂ ಕಲಿಸುವುದು, ಕಲಿಯುವುದು ಎಂಬ ಮಾತುಗಳು ಎಲ್ಲಿ ಬಂದರೂ ಪ್ರಿಯವೇ ಅಷ್ಟೆ.

ಒಂದು ದಿನ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ಹಾಲುಸಕ್ಕರೆಯನ್ನು ಎಂದೂ ಕಾಣದ ಕೆಲವು ತಳಿಗಳು ಆ ಕಿಣ್ವವನ್ನು ಸದಾ ತಯಾರಿಸುತ್ತಲೇ ಇರುತ್ತವೆಂದು ಪುಸ್ತಕದಲ್ಲಿ ಬರೆದಿದೆಯಲ್ಲ, ಅವಕ್ಕೆ ಯಾರು ಕಲಿಸಿದರು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. “ನಾಳೆ ಹೇಳುತ್ತೇನಮ್ಮ” ಎಂದೆ. ಮೇಷ್ಟರ ‘ನಾಳೆ’ ಎಂಥದೆಂಬುದನ್ನು ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು. ಆದರೆ ಆ ಹುಡುಗಿಯ ಮುಖದಲ್ಲಿ ಕುಚೋದ್ಯವಿರಲಿಲ್ಲ, ನಿಜವಾದ ತವಕವಿದ್ದಿತು. ಆದುದರಿಂದ ಆ ರಾತ್ರಿ ನಾನು ಪುಸ್ತಕಗಳನ್ನು ಹರಡಿಕೊಂಡು ಕುಳಿತೆ. ಅಂದು ಓದಿದುದನ್ನೂ, ಆಮೇಲೆ ವರ್ಷಗಟ್ಟಲೆ ಕೂಡಿಸಿಕೊಂಡುದನ್ನೂ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಕಥೆ ಆರಂಭವಾಗುವುದು ಪ್ಯಾರಿಸ್ಸಿನಲ್ಲಿ, ಜರ್ಮನ್ ಸೈನ್ಯ ಆ ನಗರವನ್ನು ಆಕ್ರಮಿಸಿದ್ದ ೧೯೪೦ರಲ್ಲಿ. ಜಾಕ್ ಮೊನೋ ಎಂಬ ತರುಣ ವಿಜ್ಞಾನಿ ಬ್ಯಾಕ್ಟೀರಿಯಗಳಿಗೆ ಎರಡೆರಡು ಸಕ್ಕರೆಗಳನ್ನು ಬೆರಸಿಕೊಟ್ಟು ಅವುಗಳ ಬೆಳವಣಿಗೆಯನ್ನು ಅಳೆಯುತ್ತಿದ್ದನು. ಗ್ಲುಕೋಸನ್ನೂ ಹಾಲುಸಕ್ಕರೆಯನ್ನೂ ಒಟ್ಟಿಗೆ ಇಟ್ಟಾಗ ಬೆಳವಣಿಗೆ ಒಂದೇ ಏರಿನಲ್ಲಿ ಸಾಗಲಿಲ್ಲ. ಮೊದಲು ಗ್ಲುಕೋಸು ಮುಗಿಯುವತನಕ ಏರಿ, ಸ್ವಲ್ಪ ಹೊತ್ತು ನಿಂತು, ಅನಂತರ ಹಾಲುಸಕ್ಕರೆಯ ಮೇಲೆ ಮತ್ತೆ ಏರಿತು. ನಡುವಣ ಆ ಬಿಡುವಿಗೆ ಅರ್ಥವೇನು? ಹಿರಿಯನಾದ ಆಂದ್ರೆ ಲ್ವೋಫನನ್ನು ಮೊನೋ ಕೇಳಿದನು. ಕಿಣ್ವಗಳ ‘ಹೊಂದಾಣಿಕೆ’ ಎಂಬ ವಿಷಯಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಲ್ವೋಫ್ ಸೂಚಿಸಿದನು. ಮುಂದಿನ ಇಪ್ಪತ್ತು ವರ್ಷಗಳ ದುಡಿಮೆಗೆ ಆ ಒಂದು ಮಾತು ಸಾಕಾಯಿತು.

‘ಹೊಂದಾಣಿಕೆ’ ಎಂಬ ಪದದಲ್ಲಿ ಅಪಾಯವೂ ಇದ್ದಿತು. ಸನ್ನಿವೇಶವೇ ಜೀವಿಗೆ ಹೊಸ ಗುಣಗಳನ್ನು ಕಲಿಸುತ್ತದೆ, ಕಲಿತದ್ದು ವಂಶಕ್ಕೂ ಇಳಿಯುತ್ತದೆ ಎಂಬ ವಾದವನ್ನು ಸೋವಿಯತ್ ದೇಶದಲ್ಲಿ ಲೈಸೆಂಕೊ ಎಂಬಾತ ರಾಜಸಿದ್ಧಾಂತವಾಗಿಸಿದ್ದನು. ೧೯೪೮ರಲ್ಲಿ ಮೊನೋ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಅದನ್ನು ಬಲವಾಗಿ ಖಂಡಿಸಿದನು. ೧೯೫೩ರಲ್ಲಿ ಆತನೂ ಸಂಗಡಿಗರೂ ‘ಹೊಂದಾಣಿಕೆ’ಯನ್ನು ಕೈಬಿಟ್ಟು ‘ಪ್ರೇರಣೆ’ ಎಂಬ ಮಾತನ್ನು ಬಳಕೆಗೆ ತಂದರು. ಹೆಸರೇನೋ ಬದಲಾಯಿತು, ಒಳಗಿನ ವ್ಯವಹಾರ ಮಾತ್ರ ಇನ್ನೂ ಕತ್ತಲೆಯಲ್ಲಿಯೇ ಇದ್ದಿತು.

ಆ ಕತ್ತಲೆಗೆ ದೀಪ ಹಿಡಿದವನು ಫ್ರಾಂಸ್ವಾ ಜಾಕೋಬ್. ಈತ ಶಸ್ತ್ರವೈದ್ಯನಾಗಬೇಕೆಂದಿದ್ದವನು. ೧೯೪೪ರಲ್ಲಿ ನಾರ್ಮಂಡಿಯ ರಣಾಂಗಣದಲ್ಲಿ ತೀವ್ರವಾಗಿ ಗಾಯಗೊಂಡ ಮೇಲೆ ಆ ದಾರಿ ಮುಚ್ಚಿತು. ಪಾಶ್ಚರ್ ಸಂಸ್ಥೆಯ ಅಟ್ಟದ ಮೇಲಿದ್ದ ಲ್ವೋಫನ ಪ್ರಯೋಗಶಾಲೆಯನ್ನು ಬಂದು ಸೇರಿದನು. ಜಾಕೋಬ್, ಮೊನೋ ಮತ್ತು ಅಮೆರಿಕದಿಂದ ಬಂದಿದ್ದ ಆರ್ಥರ್ ಪಾರ್ಡಿ ಕೂಡಿ ನಡೆಸಿ ೧೯೫೯ರಲ್ಲಿ ಪೂರ್ಣವಾಗಿ ಪ್ರಕಟಿಸಿದ ಪ್ರಯೋಗವೇ ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ. ಬ್ಯಾಕ್ಟೀರಿಯಗಳಲ್ಲಿ ಗಂಡೆನ್ನಬಹುದಾದುದು ತನ್ನ ಡಿಎನ್‌ಎಯನ್ನು ಹೆಣ್ಣಿನೊಳಕ್ಕೆ ಕಳುಹಿಸುತ್ತದೆ. ಕಿಣ್ವದ ಜೀನೂ ಕೆಟ್ಟು, ಅದನ್ನು ಹತೋಟಿಯಲ್ಲಿಡುವ ಜೀನೂ ಕೆಟ್ಟಿದ್ದ ಹೆಣ್ಣುಕೋಶಗಳಿಗೆ, ಎರಡೂ ನೆಟ್ಟಗಿದ್ದ ಗಂಡಿನಿಂದ ಆ ಜೀನುಗಳನ್ನು ಕಳುಹಿಸಿದರು. ಹಾಲುಸಕ್ಕರೆಯ ಸೋಂಕೂ ಇರಲಿಲ್ಲ. ಆದರೂ ಕೆಲವೇ ನಿಮಿಷಗಳಲ್ಲಿ ಕಿಣ್ವದ ತಯಾರಿಕೆ ಆರಂಭವಾಯಿತು! ಒಂದು ಗಂಟೆಗಿಂತ ತುಸು ಹೆಚ್ಚು ಕಾಲ ಕಳೆಯುವಷ್ಟರಲ್ಲಿ ತಾನಾಗಿ ನಿಂತೂಹೋಯಿತು.

ಅರ್ಥವನ್ನು ಯೋಚಿಸಿ ನೋಡಿ. ಕಿಣ್ವವನ್ನು ತಯಾರಿಸಲು ಯಾವ ಪಾಠವೂ ಬೇಕಾಗಿರಲಿಲ್ಲ. ಜೀನು ಬಂದೊಡನೆ ಕೆಲಸ ಆರಂಭವಾಯಿತು. ನಿಲ್ಲಿಸುವುದಕ್ಕೆ ಮಾತ್ರ ಯಾರೋ ಒಬ್ಬನು ಬೇಕಾಗಿದ್ದನು. ಹೊಸದಾಗಿ ಬಂದ ಹತೋಟಿಯ ಜೀನಿನಿಂದ ಆತ ತಯಾರಾಗಿ ಬರುವುದಕ್ಕೆ ಆ ಹೊತ್ತು ಹಿಡಿದಿದ್ದಿತು. ಹಾಲುಸಕ್ಕರೆ ಗುರುವಲ್ಲ, ತಡೆದು ನಿಂತವನನ್ನು ಪಕ್ಕಕ್ಕೆ ಸರಿಸುವ ನೆಂಟ. ಹೀಗಿರಬಹುದೆಂದು ಭೌತವಿಜ್ಞಾನಿ ಲಿಯೋ ಜಿಲಾರ್ಡ್ ಮೊದಲೇ ಮೊನೋನೊಡನೆ ವಾದಿಸಿದ್ದುಂಟು. ೧೯೫೮ರ ಜುಲೈಯಲ್ಲಿ ಹೆಂಡತಿಯೊಡನೆ ಪ್ಯಾರಿಸ್ಸಿನ ಸಿನಿಮಾ ಮಂದಿರದಲ್ಲಿ ಕುಳಿತಿದ್ದಾಗ ಜಾಕೋಬನಿಗೆ ಥಟ್ಟನೆ ಇನ್ನೊಂದು ವಿಚಾರ ಹೊಳೆಯಿತು: ಬ್ಯಾಕ್ಟೀರಿಯದೊಳಗೆ ವೈರಸ್ಸು ನಿದ್ರಿಸುತ್ತಿರುವುದೂ ಕಿಣ್ವ ತಯಾರಾಗದಿರುವುದೂ ಒಂದೇ ಬಗೆಯ ತಡೆ, ಅದು ನಡೆಯುವುದು ಡಿಎನ್‌ಎಯ ಮೇಲೆಯೇ. ೧೯೬೧ರಲ್ಲಿ ಜಾಕೋಬನೂ ಮೊನೋನೂ ತಮ್ಮ ಸಿದ್ಧಾಂತವನ್ನು ಪ್ರಕಟಿಸಿದರು. ೧೯೬೫ರಲ್ಲಿ ಅವರಿಬ್ಬರಿಗೂ ಲ್ವೋಫನಿಗೂ ನೊಬೆಲ್ ಬಹುಮಾನ ಬಂದಿತು.

ತಡೆಯುವ ಈ ವಸ್ತುವಿಗೆ ಇಂಗ್ಲಿಷಿನಲ್ಲಿ ರಿಪ್ರೆಸರ್ ಎಂದು ಹೆಸರು. ನಾನು ‘ದಮನಕ’ ಎಂದು ಅನುವಾದಿಸಿದಾಗ ತರಗತಿಯೆಲ್ಲ ನಕ್ಕಿತು. ಪಂಚತಂತ್ರದ ನರಿ ಎಲ್ಲರಿಗೂ ನೆನಪಾಗಿರಬೇಕು. ನಗಲಿ ಎಂದು ನಾನೂ ಆ ಹೆಸರನ್ನೇ ಇಟ್ಟುಕೊಂಡೆ. ರಾಜನ ಬಾಗಿಲಲ್ಲಿ ನಿಂತ ಸಣ್ಣ ಪ್ರಾಣಿಯೊಂದು ರಾಜಕಾರ್ಯವನ್ನೆಲ್ಲ ತಿರುಗಿಸಬಲ್ಲುದೆಂಬುದು ಎರಡು ಕಡೆಗೂ ಸಲ್ಲುವ ಮಾತು.

ದಮನಕನನ್ನು ಆಗ ಯಾರೂ ಕಂಡಿರಲಿಲ್ಲ. ಅದು ಆರ್‌ಎನ್‌ಎ ಇರಬಹುದೆಂದೇ ಜಾಕೋಬ್-ಮೊನೋ ಒಲಿದಿದ್ದರು. ೧೯೬೬ರಲ್ಲಿ ಹಾರ್ವರ್ಡಿನಲ್ಲಿ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯೂಲರ್-ಹಿಲ್ ಅದನ್ನು ಹಿಡಿದರು. ಅದು ಪ್ರೋಟೀನೇ ಆಗಿದ್ದಿತು. ಮರುವರ್ಷ ಮಾರ್ಕ್ ಟಾಶ್ನಿ ಲ್ಯಾಂಬ್ಡಾ ಎಂಬ ವೈರಸ್ಸಿನ ದಮನಕವನ್ನು ಹಿಡಿದು, ಅದು ನೇರವಾಗಿ ಡಿಎನ್‌ಎಗೆ ಅಂಟಿಕೊಳ್ಳುವುದನ್ನು ತೋರಿಸಿದನು. ಹಿಡಿಯುವುದು ಕಷ್ಟವಾದುದೇಕೆಂದರೆ, ಒಂದು ಕೋಶದಲ್ಲಿ ಹಾಲುಸಕ್ಕರೆಯ ದಮನಕಗಳು ಇರುವುದು ಸುಮಾರು ೧೦ ಮಾತ್ರ. ಇ. ಕೋಲಿಯ ಡಿಎನ್‌ಎಯಲ್ಲಿರುವ ಅಕ್ಷರಜೋಡಿಗಳೋ ೪೬ ಲಕ್ಷ! ಅದರಲ್ಲಿ ದಮನಕ ನಿಲ್ಲಬೇಕಾದ ಮುಖ್ಯ ತಾಣ ಸುಮಾರು ೨೧ ಜೋಡಿಗಳಷ್ಟು ಉದ್ದ.

ಆ ತಾಣವನ್ನು ಅದು ಗುರುತಿಸುವುದು ಹೇಗೆ? ಡಿಎನ್‌ಎಯ ಅಕ್ಷರಗಳು ಜೋಡಿಸುರುಳಿಯ ಒಳಗಡೆ ಅಡಗಿವೆ ಸರಿ. ಆದರೆ ಸುರುಳಿಯ ಹೊರಮೈಯಲ್ಲಿ ಹರಿಯುವ ತೋಡಿನಲ್ಲಿ ಅವುಗಳ ಅಂಚುಗಳು ಕಾಣಿಸುತ್ತವೆ. ೧೯೮೧-೮೨ರಲ್ಲಿ ಇಂಥ ಕೆಲವು ಪ್ರೋಟೀನುಗಳ ರೂಪ ಬೆಳಕಿಗೆ ಬಂದಿತು. ಅವುಗಳಲ್ಲೊಂದಾದ ಕ್ರೋ ಎಂಬುದು ಕೇವಲ ೬೬ ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಎಲ್ಲವುಗಳಲ್ಲಿಯೂ ಒಂದು ಸಣ್ಣ ಸುರುಳಿ, ಒಂದು ತಿರುವು, ಮತ್ತೊಂದು ಸುರುಳಿ. ಈ ಎರಡನೆಯ ಸುರುಳಿ ತೋಡಿನೊಳಗೆ ಬೆರಳಿನಂತೆ ಕೂಡುತ್ತದೆ. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರವನ್ನು ಕತ್ತಲೆಯಲ್ಲಿ ಬೆರಳಿಂದ ಸವರಿ ತಿಳಿಯುವ ಹಾಗೆ, ಸುರುಳಿಯನ್ನು ಬಿಚ್ಚದೆಯೇ ಅದು ಓದುತ್ತದೆ. ತಾಣವೂ ಹೆಚ್ಚುಕಡಿಮೆ ‘ವಿಕಟಕವಿ’ಯಂತೆ: ಒಂದೆಳೆಯನ್ನು ಇತ್ತಣಿಂದಲೂ ಇನ್ನೊಂದನ್ನು ಅತ್ತಣಿಂದಲೂ ಓದಿದರೆ ಬಹುಪಾಲು ಒಂದೇ ಮಾತು. ಪ್ರೋಟೀನುಗಳು ಜೊತೆಜೊತೆಯಾಗಿ ಬಂದು ಎರಡು ಕಡೆಗಳಿಂದಲೂ ಹಿಡಿಯುವುದು ಇದರಿಂದ ಸಾಧ್ಯವಾಗಿದೆ. ತಾಣವನ್ನು ಹುಡುಕುವಾಗಲೂ ದಮನಕ ಸುಮ್ಮನೆ ತೇಲಾಡುವುದಿಲ್ಲ. ಹೆಚ್ಚಿನ ಹೊತ್ತು ಡಿಎನ್‌ಎಯ ಎಳೆಯ ಮೇಲೆಯೇ ಜಾರುತ್ತ, ಬಿಟ್ಟು ಮತ್ತೆ ಹಿಡಿಯುತ್ತ ಸಾಗುತ್ತದೆ. ಜೀವಂತ ಕೋಶದಲ್ಲಿಯೇ ಇದನ್ನು ೨೦೦೭ರಲ್ಲಿ ನೋಡಿದರು.

ಹಾಲುಸಕ್ಕರೆ ಒಳಗೆ ಬಂದರೆ ಅದರ ಸ್ವಲ್ಪ ಭಾಗ ಮಾರ್ಪಟ್ಟು ದಮನಕಕ್ಕೆ ಅಂಟುತ್ತದೆ. ದಮನಕದ ರೂಪ ಕೊಂಚ ಬದಲಾಗಿ ಹಿಡಿತ ಸಡಿಲುತ್ತದೆ. ಕಿಣ್ವದ ತಯಾರಿಕೆ ಸುಮಾರು ಸಾವಿರ ಪಟ್ಟು ಏರುತ್ತದೆ. ಬಾಗಿಲು ಮುಚ್ಚಿದ್ದರೆ ಮೊದಲ ಸಕ್ಕರೆ ಒಳಗೆ ಬಂದುದಾದರೂ ಹೇಗೆ ಎಂದು ಜಾಣರು ಕೇಳಬಹುದು. ಕಾವಲುಗಾರನೂ ಆಗೊಮ್ಮೆ ಈಗೊಮ್ಮೆ ತೂಕಡಿಸುತ್ತಾನೆ. ಆಗ ತಯಾರಾದ ನಾಲ್ಕಾರು ಅಣುಗಳೇ ಮೊದಲ ಬಾಗಿಲನ್ನು ತೆರೆಯಲು ಸಾಕು. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದ ವಿಷಯದಲ್ಲಿ ನ್ಯಾಯ ತಿರುಗುಮುರುಗು. ಜಪಮಾಲೆಯ ಮಣಿಗಳಂತೆ ೧೦೮ ಅಮೈನೋ ಆಮ್ಲಗಳಿರುವ ಅದರ ದಮನಕ ಬರಿಗೈಯಲ್ಲಿ ದುರ್ಬಲ. ಟ್ರಿಪ್ಟೊಫಾನ್ ಸಮೃದ್ಧಿಯಾದಾಗ ಆ ವಸ್ತುವೇ ದಮನಕವನ್ನು ಸೇರಿ ಬಲಗೊಳಿಸಿ, ‘ಇನ್ನು ಸಾಕು’ ಎನ್ನಿಸುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ನಾನು ಇನ್ನೊಂದು ತಪ್ಪಿಗೆ ಬಿದ್ದೆ: ಜೀವದ ಆಡಳಿತವೆಲ್ಲ ತಡೆಯಿಂದಲೇ ಎಂದು ಸಾರತೊಡಗಿದೆ. ಈ ತಪ್ಪಿನಲ್ಲಿ ನನಗೆ ದೊಡ್ಡವರ ಸಹವಾಸವಿದ್ದಿತು. ಅರಾಬಿನೋಸ್ ಸಕ್ಕರೆಯ ಜೀನುಗಳಿಗೆ ತಡೆಯ ನಿವಾರಣೆ ಸಾಲದು, ‘ಏಳು’ ಎಂದು ಎಬ್ಬಿಸುವ ಪ್ರೋಟೀನೂ ಬೇಕು ಎಂದು ಎಲ್ಲಿಸ್ ಎಂಗಲ್ಸ್‌ಬರ್ಗ್ ೧೯೬೫ರಲ್ಲಿ ತೋರಿಸಿದಾಗ, ದಮನದ ಸಿದ್ಧಾಂತಕ್ಕೆ ಒಗ್ಗಿಹೋಗಿದ್ದ ವಿದ್ವಾಂಸರು ವರ್ಷಗಟ್ಟಲೆ ನಂಬಲಿಲ್ಲ. ಕೊನೆಗೆ ಹಾಲುಸಕ್ಕರೆಯ ಜೀನುಗಳಿಗೂ ಅಂಥ ಎಬ್ಬಿಸುವವನೊಬ್ಬನಿರುವುದು ಗೊತ್ತಾಯಿತು. ಗ್ಲುಕೋಸು ತೀರಿದಾಗ ಅವನ ಕೈ ಬಲವಾಗುತ್ತದೆ. ಗ್ಲುಕೋಸು ಇರುವಾಗಲಂತೂ ಹಾಲುಸಕ್ಕರೆಗೆ ಕೋಶದ ಬಾಗಿಲಲ್ಲಿಯೇ ಅಡ್ಡಿಯುಂಟು. ಮೊನೋ ೧೯೪೦ರಲ್ಲಿ ಕಂಡ ಆ ಬಿಡುವಿನ ಅರ್ಥ ಹೀಗೆ ಪೂರ್ಣವಾಯಿತು.

ಈ ಕಾವಲು ಇಲ್ಲದಿದ್ದರೆ ಏನಾಗುತ್ತಿದ್ದಿತು? ಇ. ಕೋಲಿಯಲ್ಲಿ ಸುಮಾರು ೪೩೦೦ ಜೀನುಗಳಿವೆ. ಎಲ್ಲವೂ ಸದಾ ದುಡಿದರೆ, ನಾಲ್ಕು ಜನರ ಮನೆಯಲ್ಲಿ ದಿನವೂ ಮದುವೆಯ ಅಡುಗೆ ಮಾಡಿದಂತಾಗಿ ಸಂಸಾರ ಮುಳುಗೀತು. ಹಸಿವಿಗಿಂತಲೂ ಮಿಗಿಲಾದ ಅಪಾಯವೂ ಉಂಟು. ಎಚ್-ಎನ್‌ಎಸ್ ಎಂಬ ೧೩೭ ಅಮೈನೋ ಆಮ್ಲಗಳ ಪ್ರೋಟೀನು ಹೊರಗಿನಿಂದ ಸೇರಿದ ಪರಕೀಯ ಜೀನುಗಳನ್ನು ಅವುಗಳ ಅಕ್ಷರಗಳ ಪಾಕದಿಂದಲೇ ಗುರುತಿಸಿ ಬಾಯಿ ಮುಚ್ಚಿಸಿಡುತ್ತದೆಂದು ೨೦೦೬ರಲ್ಲಿ ಸ್ಪಷ್ಟವಾಯಿತು. ಸಾಲ್ಮೊನೆಲ್ಲ ಬ್ಯಾಕ್ಟೀರಿಯದಲ್ಲಿ ರೋಗವನ್ನುಂಟುಮಾಡುವ ಅನೇಕ ಜೀನುಗಳು ಹೀಗೆ ಹೊರಗಿನಿಂದ ಬಂದು, ಬಾಯಿ ಮುಚ್ಚಿ ಕಾದಿರುವಂಥವು. ಈ ಕಾವಲನ್ನು ತೆಗೆದುಹಾಕಿದರೆ ಬ್ಯಾಕ್ಟೀರಿಯವೇ ಸೊರಗುತ್ತದೆ. ಬಂದವರನ್ನು ಹೊರಗೆ ಅಟ್ಟುವುದೂ ಇಲ್ಲ, ಬಂದೊಡನೆ ಮಾತನಾಡಗೊಡುವುದೂ ಇಲ್ಲ. ಕಾಲ ಬರುವತನಕ ಸುಮ್ಮನಿರಿಸುವುದು. ಒಂದು ಮಿಲಿಮೀಟರಿನ ಐನೂರನೆಯ ಒಂದು ಪಾಲಿನಷ್ಟು ಉದ್ದದ ಜೀವಿಯಲ್ಲಿ ಎಂಥ ವಿವೇಕ!

ಮರುದಿನ ತರಗತಿಗೆ ಹೋದೊಡನೆ ಆ ಹುಡುಗಿಯನ್ನು ಕರೆದು ಹೇಳಿದೆ: “ಅವಕ್ಕೆ ಯಾರೂ ಕಲಿಸಲಿಲ್ಲವಮ್ಮ. ಕಿಣ್ವವನ್ನು ತಯಾರಿಸುವ ವಿದ್ಯೆ ಎಲ್ಲ ತಳಿಗಳಲ್ಲಿಯೂ ಇದ್ದೇ ಇದ್ದಿತು. ‘ಈಗ ಬೇಡ’ ಎನ್ನುವವನು ನೀನು ಕೇಳಿದ ತಳಿಗಳಲ್ಲಿ ಕೆಟ್ಟುಹೋಗಿದ್ದ, ಅಷ್ಟೆ.” ಅವಳು ಕ್ಷಣಕಾಲ ಸುಮ್ಮನಿದ್ದು, “ಹಾಗಾದರೆ ನಿನ್ನೆ ನಾವು ಬರೆದುಕೊಂಡದ್ದನ್ನು ಹೊಡೆದುಹಾಕಬೇಕೇ ಸಾರ್?” ಎಂದಳು.

ಹೊಡೆದುಹಾಕಬೇಕಾಗಿದ್ದುದು ಒಂದು ದಿನದ್ದಲ್ಲ, ಹಲವು ವರ್ಷಗಳದು. ಹಿಂದಿನ ತಂಡಗಳ ಎಷ್ಟೋ ಮಕ್ಕಳು ನನ್ನ ತಪ್ಪನ್ನು ಕಟ್ಟಿಕೊಂಡು ಹೊರಟುಹೋಗಿದ್ದರು. ಅವರನ್ನು ಎಲ್ಲಿ ಹುಡುಕಲಿ? ಹಿಂದಿನ ದಿನ ನಾನು ಬರೆದ ವಾಕ್ಯ ಕಪ್ಪುಹಲಗೆಯ ಮೂಲೆಯಲ್ಲಿ ಇನ್ನೂ ಹಾಗೆಯೇ ಇದ್ದಿತು. “ಹೌದು” ಎಂದು ಅವಳ ಕೈಗೆ ಡಸ್ಟರನ್ನು ಕೊಟ್ಟೆ. ಅವಳು ಒರೆಸಿದಳು, ನಾನು ಸೀಮೆಸುಣ್ಣ ಹಿಡಿದು ಮೊದಲಿನಿಂದ ಬರೆಯತೊಡಗಿದೆ.