ಗಲ್ಲಾಪೆಟ್ಟಿಗೆಗೆ ಗಂಟೆ ಕಟ್ಟಿದವರು

ಅಮೆರಿಕದ ಒಹಾಯೊ ರಾಜ್ಯದ ಡೇಟನ್‌ನಲ್ಲಿ ಜೇಮ್ಸ್ ರಿಟಿ ಎಂಬಾತನ ಮದ್ಯದಂಗಡಿಗೆ ಗಿರಾಕಿಗಳ ಬರವಿರಲಿಲ್ಲ. ಸಂಜೆಯಾದರೆ ಅಂಗಡಿ ತುಂಬುತ್ತಿತ್ತು. ಆದರೂ ಲೆಕ್ಕಕ್ಕೆ ಕೂತರೆ ಲಾಭ ಕಾಣುತ್ತಿರಲಿಲ್ಲ. ಗ್ಲಾಸು ತುಂಬಿಸಿ ಕೊಡುವ ಹುಡುಗರು ಗಿರಾಕಿಯ ದುಡ್ಡಿನಲ್ಲಿ ಒಂದಷ್ಟನ್ನು ಗಲ್ಲಾಕ್ಕೆ, ಒಂದಷ್ಟನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಇದು ರಿಟಿಗೆ ಗೊತ್ತಿತ್ತು. ಆದರೆ ತೋರಿಸಿಕೊಡಲು ಅವನ ಬಳಿ ಏನೂ ಇರಲಿಲ್ಲ. ದಿನಕ್ಕೆ ಎಷ್ಟು ವ್ಯಾಪಾರವಾಯಿತು ಎಂದು ಹೇಳಬೇಕಾದವನೂ ದುಡ್ಡು ಮುಟ್ಟುವವನೂ ಒಬ್ಬನೇ ಆಗಿದ್ದಾಗ ಕಳ್ಳತನ ಸಾಬೀತಾಗುವುದಾದರೂ ಹೇಗೆ? ಅಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಪ್ರಾಮಾಣಿಕನಾದ ಹುಡುಗ ಕೂಡ ತಾನು ಕದ್ದಿಲ್ಲವೆಂದು ತೋರಿಸಿಕೊಡುವಂತಿರಲಿಲ್ಲ.

ಈ ಚಿಂತೆಯಲ್ಲೇ ರಿಟಿಯ ಆರೋಗ್ಯ ಹದಗೆಟ್ಟಿತು. ವಿಶ್ರಾಂತಿಗೆಂದು 1878ರಲ್ಲಿ ಯುರೋಪಿಗೆ ಹಡಗು ಹತ್ತಿದ. ಹಡಗಿನ ಎಂಜಿನ್ ಕೋಣೆಯಲ್ಲಿ ಒಂದು ಯಂತ್ರ ಅವನ ಕಣ್ಣಿಗೆ ಬಿತ್ತು. ನೀರಿನಡಿ ತಿರುಗುವ ಪ್ರೊಪೆಲ್ಲರ್ ಎಷ್ಟು ಸುತ್ತು ಹಾಕಿತೆಂದು ಅದು ತಾನಾಗಿಯೇ ಎಣಿಸಿ ತೋರಿಸುತ್ತಿತ್ತು. ಸುತ್ತುಗಳನ್ನು ಎಣಿಸುವ ಯಂತ್ರವಿದ್ದರೆ ದುಡ್ಡನ್ನು ಎಣಿಸುವ ಯಂತ್ರ ಏಕಿರಬಾರದು ಎಂಬ ಯೋಚನೆ ಅಲ್ಲೇ ಹುಟ್ಟಿತು. ಊರಿಗೆ ಮರಳಿದವನೇ ಸಹೋದರ ಜಾನ್‌ನನ್ನು ಜತೆಗೆ ಹಾಕಿಕೊಂಡು ಕೆಲಸಕ್ಕೆ ಇಳಿದ. 1879ರ ನವೆಂಬರ್ 4ರಂದು ಇಬ್ಬರ ಹೆಸರಿನಲ್ಲಿ ಪೇಟೆಂಟ್ ಸಿಕ್ಕಿತು. ಯಾರೂ ಕೆಡಿಸಲಾಗದ ಕ್ಯಾಷಿಯರ್ ಎಂಬ ಅರ್ಥದ ಹೆಸರನ್ನು ಯಂತ್ರಕ್ಕೆ ಇಟ್ಟರು.

ಮೊದಲ ಯಂತ್ರ ನೋಡಲು ಗಡಿಯಾರದಂತಿತ್ತು. ಒಂದು ಮುಳ್ಳು ಡಾಲರ್ ತೋರಿಸಿದರೆ ಇನ್ನೊಂದು ಸೆಂಟ್ ತೋರಿಸುತ್ತಿತ್ತು. ಹಣ ಇಡುವ ಖಾನೆ ಅದರಲ್ಲಿ ಇರಲೇ ಇಲ್ಲ. ಕೀಲಿ ಒತ್ತಿದರೆ ಮೊತ್ತ ಗಿರಾಕಿಯ ಎದುರಿಗೇ ಕಾಣುತ್ತಿತ್ತು, ಒಳಗಡೆ ಒಟ್ಟು ಲೆಕ್ಕ ಏರುತ್ತಿತ್ತು. ಮುಂದೆ ಕಾಗದದ ಸುರುಳಿ ಬಂತು. ಪ್ರತಿ ಮಾರಾಟಕ್ಕೂ ಸೂಜಿ ಆ ಸುರುಳಿಯಲ್ಲಿ ಒಂದು ತೂತು ಕೊರೆಯುತ್ತಿತ್ತು. ರಾತ್ರಿ ಬಾಗಿಲು ಹಾಕಿದ ಮೇಲೆ ಮಾಲೀಕ ಆ ತೂತುಗಳನ್ನು ಎಣಿಸಿ ಗಲ್ಲಾದ ಹಣಕ್ಕೆ ತಾಳೆ ನೋಡುತ್ತಿದ್ದ. ಆಮೇಲೆ ಖಾನೆ ಸೇರಿತು, ಖಾನೆಯ ಜತೆಗೆ ಗಂಟೆಯೂ ಸೇರಿತು. ಖಾನೆ ತೆರೆದುಕೊಂಡಾಗಲೆಲ್ಲ ಗಂಟೆ ಬಾರಿಸಿ, ಹಿಂದಿನ ಕೋಣೆಯಲ್ಲಿದ್ದ ಮಾಲೀಕನಿಗೂ ಕೇಳುವಂತಾಯಿತು.

ಯಂತ್ರ ಕಂಡುಹಿಡಿದ ರಿಟಿಗೆ ವ್ಯಾಪಾರ ಕೈಹಿಡಿಯಲಿಲ್ಲ. ಹಕ್ಕುಗಳನ್ನು ಮಾರಿ ಮತ್ತೆ ಮದ್ಯದಂಗಡಿಗೇ ಮರಳಿದ. ಯಂತ್ರವನ್ನು ಲೋಕಕ್ಕೆಲ್ಲ ಹಂಚಿದವನು ಜಾನ್ ಎಚ್. ಪ್ಯಾಟರ್ಸನ್. ಒಹಾಯೊದ ಕೋಲ್ಟನ್ ಎಂಬ ಗಣಿ ಊರಿನಲ್ಲಿದ್ದ ಅವನ ಕಿರಾಣಿ ಅಂಗಡಿ ನಷ್ಟದಲ್ಲಿ ನಡೆಯುತ್ತಿತ್ತು. ಕಣ್ಣಾರೆ ಕಾಣದ ಈ ಯಂತ್ರವನ್ನು ತಂತಿ ಕಳುಹಿಸಿ ತರಿಸಿಕೊಂಡ ಮೇಲೆ ಅಂಗಡಿ ಲಾಭಕ್ಕೆ ತಿರುಗಿತು. 1884ರಲ್ಲಿ ಯಂತ್ರ ತಯಾರಿಸುವ ಕಂಪನಿಯನ್ನೇ ಕೊಂಡು, ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಎಂದು ಹೆಸರಿಟ್ಟ. ನಮ್ಮ ಎಷ್ಟೋ ಎಟಿಎಂಗಳ ಮೇಲೆ ಕಾಣುವ ಎನ್‌ಸಿಆರ್ ಎಂಬ ಮೂರು ಅಕ್ಷರಗಳು ಆ ಹೆಸರಿನಿಂದಲೇ ಬಂದವು.

ಯಂತ್ರವನ್ನು ಅಂಗಡಿಯ ಗುಮಾಸ್ತರು ಶತ್ರುವೆಂದೇ ಕಂಡರು. ಕಂಪನಿಯ ಹೆಸರು ಹೊತ್ತ ಅಂಚೆ ಮಾಲೀಕನ ಕೈ ಸೇರುವ ಮೊದಲೇ ಅವರು ಹರಿದು ಎಸೆಯುತ್ತಿದ್ದುದರಿಂದ ಪ್ಯಾಟರ್ಸನ್ ಹೆಸರಿಲ್ಲದ ಲಕೋಟೆಯಲ್ಲಿ ಜಾಹೀರಾತು ಕಳುಹಿಸಬೇಕಾಯಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ದಿನವಿಡೀ ನಿಂತು ದುಡಿಯುವವನ ಪಕ್ಕದಲ್ಲಿ, ಅವನು ಕದಿಯುತ್ತಾನೆ ಎಂಬ ಎಣಿಕೆಯಲ್ಲೇ ತಯಾರಾದ ಯಂತ್ರವನ್ನು ತಂದಿಟ್ಟರೆ ಯಾರಿಗೆ ನೋವಾಗುವುದಿಲ್ಲ? ಪ್ರಾಮಾಣಿಕ ನೌಕರನಿಗೆ ಈ ಯಂತ್ರವೇ ಕಾವಲು ಎಂದು ಕಂಪನಿ ಹೇಳಿಕೊಂಡಿತು. ಅದು ಮಾರಾಟದ ಮಾತು ಹೌದು, ಹಾಗಿದ್ದೂ ನಿಜವಾದ ಮಾತು. 1911ರ ವೇಳೆಗೆ ಹತ್ತು ಲಕ್ಷ ಯಂತ್ರಗಳು ಮಾರಾಟವಾಗಿದ್ದವು. ಅಷ್ಟರಲ್ಲಿ ಕಂಪನಿಯ ಕೈಯೂ ಶುದ್ಧವಾಗಿ ಉಳಿದಿರಲಿಲ್ಲ. ಎದುರಾಳಿ ಕಂಪನಿಗಳನ್ನು ತುಳಿದ ಆರೋಪದಲ್ಲಿ ಪ್ಯಾಟರ್ಸನ್‌ಗೆ 1913ರಲ್ಲಿ ಜೈಲು ಶಿಕ್ಷೆಯಾಯಿತು. 1915ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು.

ಯಂತ್ರ ಬಂದಮೇಲೂ ಕಳ್ಳತನ ನಿಲ್ಲಲಿಲ್ಲ, ಜಾಗ ಬದಲಿಸಿತು. ಯಂತ್ರಕ್ಕೆ ತಿಳಿಯುವುದು ಒತ್ತಿದ ಕೀಲಿ ಮಾತ್ರ. ಗಿರಾಕಿ ಕೊಟ್ಟದ್ದಕ್ಕಿಂತ ಕಡಿಮೆ ಮೊತ್ತ ಒತ್ತಿ ಉಳಿದದ್ದನ್ನು ಎತ್ತಿಟ್ಟುಕೊಳ್ಳಬಹುದು. ಏನನ್ನೂ ಮಾರದೆ, ಚಿಲ್ಲರೆ ಕೊಡುವ ನೆಪದಲ್ಲಿ ಖಾನೆ ತೆರೆಯಬಹುದು. ಗಿರಾಕಿ ಬಾಗಿಲು ದಾಟಿದ ಮೇಲೆ ಅವನ ಬಿಲ್ಲನ್ನು ರದ್ದು ಮಾಡಬಹುದು, ಯಾರೂ ಹಿಂದಿರುಗಿಸದ ಸಾಮಾನು ವಾಪಸ್ ಬಂತೆಂದು ಬರೆದು ಹಣ ತೆಗೆಯಬಹುದು. ಇವುಗಳಲ್ಲಿ ಮೊದಲ ದಾರಿಗೆ ಬೇಕಾದದ್ದು ಒಂದೇ, ಗಿರಾಕಿ ಬಿಲ್ ನೋಡಬಾರದು. ರಶೀದಿ ಮುದ್ರಿಸುವ ಯಂತ್ರಗಳು ಬಂದಾಗ, ಸಂಬಳ ಕೇಳದ ಸಾಕ್ಷಿಯೊಬ್ಬ ಮಾಲೀಕನಿಗೆ ಸಿಕ್ಕಿದ್ದು ಹೀಗೆ.

ನಮ್ಮ ಬಸ್ಸುಗಳಲ್ಲಿ ಟಿಕೆಟ್ ಇಲ್ಲದ ಪ್ರಯಾಣಿಕನಿಗೂ ದಂಡ ಬೀಳುವುದು ಆ ಸಾಕ್ಷಿಯನ್ನು ಎಚ್ಚರದಲ್ಲಿಡಲೆಂದೇ. ಕೆಎಸ್‌ಆರ್‌ಟಿಸಿಯ ಒಂದು ಪ್ರಕರಣ 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ತಲಾ 2 ರೂಪಾಯಿ 25 ಪೈಸೆಯ ದರವಿದ್ದಲ್ಲಿ 35 ಪ್ರಯಾಣಿಕರಿಗೆ 1 ರೂಪಾಯಿ 75 ಪೈಸೆಯ ಟಿಕೆಟ್ ಕೊಟ್ಟಿದ್ದ ನಿರ್ವಾಹಕರ ಪ್ರಕರಣವದು. ಕಡಿಮೆಯಾದದ್ದು ಒಟ್ಟು ಹದಿನೇಳೂವರೆ ರೂಪಾಯಿ. ಕಾರ್ಮಿಕ ನ್ಯಾಯಾಲಯ ಅವರಿಗೆ ಕೆಲಸ ಮರಳಿ ಕೊಡಿಸಿತ್ತು. ಸರಿಯಾದ ದರ ಪಡೆದು ನಿಗಮಕ್ಕೆ ಒಪ್ಪಿಸುವುದೇ ನಿರ್ವಾಹಕನ ಮೇಲಿಟ್ಟ ನಂಬಿಕೆ, ಅದು ಮುರಿದಾಗ ಮೊತ್ತ ಸಣ್ಣದೆಂದು ಕನಿಕರ ಸಲ್ಲದು ಎಂಬ ನಿಲುವು ತಳೆದ ಸುಪ್ರೀಂ ಕೋರ್ಟು, ವಜಾ ಆದೇಶವನ್ನು ರದ್ದುಪಡಿಸಬಾರದಿತ್ತು ಎಂದಿತು. ಆದರೆ ಅವರು ಅಷ್ಟರಲ್ಲಿ ನಿವೃತ್ತರಾಗಿದ್ದರಿಂದ ಮರುನೇಮಕವನ್ನು ರದ್ದು ಮಾಡಲಿಲ್ಲ, ಹಿಂಬಾಕಿ ಸಂಬಳ ಮಾತ್ರ ಸಿಗದು ಎಂದಿತು. ಕಾನೂನಿನ ತರ್ಕವನ್ನು ನಾನು ಒಪ್ಪುತ್ತೇನೆ. ಆದರೆ ಹದಿನೇಳೂವರೆ ರೂಪಾಯಿಗೆ ಒಂದು ಸಂಸಾರದ ಅನ್ನದ ದಾರಿ ಮುಚ್ಚಬಹುದಲ್ಲ ಎಂಬ ಸಂಕಟ ತರ್ಕಕ್ಕೆ ಕರಗುವುದಿಲ್ಲ.

ಆ ಸಂಕಟ ಬಾರದ ಹಾಗೆ ಕೆಲಸವನ್ನೇ ಬೇರೆ ರೀತಿ ಹೊಂದಿಸಬಹುದು ಎಂಬುದಕ್ಕೆ ಬೆಂಗಳೂರಿನ ದರ್ಶಿನಿಗಳು ಸಾಕ್ಷಿ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದರು. ಆ ಬಗೆಯ ಹೋಟೆಲುಗಳಲ್ಲಿ ಮೊದಲು ದುಡ್ಡು, ಆಮೇಲೆ ಚೀಟಿ, ಕೊನೆಗೆ ದೋಸೆ. ದೋಸೆ ಕೊಡುವವರು ದುಡ್ಡು ಮುಟ್ಟುವುದಿಲ್ಲ. ದುಡ್ಡು ಪಡೆದವರು ಚೀಟಿ ಕೊಡದಿದ್ದರೆ ಗಿರಾಕಿ ಅಲ್ಲಿಂದ ಕದಲುವುದಿಲ್ಲ. ಅದೇ ಚೀಟಿ ಮತ್ತೆ ಗಲ್ಲಾಕ್ಕೆ ಮರಳದಂತೆ ಹರಿಯುತ್ತಾರೆ, ಇಲ್ಲವೇ ಮೊಳೆಗೆ ಚುಚ್ಚುತ್ತಾರೆ. ಯಾರ ಮೇಲೂ ಕಣ್ಣಿಡದೆಯೇ ಎಲ್ಲರ ಕೈಯನ್ನೂ ಶುದ್ಧವಾಗಿಡುವ ಈ ವ್ಯವಸ್ಥೆ ನನ್ನ ಮಟ್ಟಿಗೆ ಗಲ್ಲಾದ ಗಂಟೆಗಿಂತ ದೊಡ್ಡ ಬುದ್ಧಿವಂತಿಕೆ.

ಗಲ್ಲಾ ಕಂಪ್ಯೂಟರ್ ಆದಮೇಲೆ ತೂತು ಕೊರೆದ ಕಾಗದ ಹೋಯಿತು, ಅಳಿಸಿ ಬರೆಯಬಹುದಾದ ದಾಖಲೆ ಬಂತು. ಕನೆಕ್ಟಿಕಟ್‌ನ ನಾರ್ವಾಕ್‌ನಲ್ಲಿ ಸ್ಟ್ಯೂ ಲಿಯೊನಾರ್ಡ್ಸ್ ಎಂಬ ಪ್ರಸಿದ್ಧ ಹಾಲು, ದಿನಸಿ ಮಳಿಗೆಯಿದೆ. ಅಲ್ಲಿ ಮಾರಾಟದ ಲೆಕ್ಕ ತಗ್ಗಿಸಲೆಂದೇ ಒಂದು ಕಂಪ್ಯೂಟರ್ ಪ್ರೋಗ್ರಾಮ್ ಬರೆಸಲಾಗಿತ್ತು. ಸುಮಾರು 1.7 ಕೋಟಿ ಡಾಲರ್ ಮಾರಾಟ ಹೀಗೆ ಲೆಕ್ಕದಿಂದ ಮಾಯವಾಯಿತು. ಮಾಡಿದವನು ಗಲ್ಲಾದ ಹುಡುಗನಲ್ಲ, ಮಳಿಗೆಯ ಸ್ಥಾಪಕ ಸ್ಟ್ಯೂ ಲಿಯೊನಾರ್ಡ್. ನಷ್ಟವಾದದ್ದು ಸರ್ಕಾರದ ತೆರಿಗೆಗೆ. 1993ರಲ್ಲಿ ತಪ್ಪೊಪ್ಪಿಕೊಂಡ ಅವರಿಗೆ 52 ತಿಂಗಳ ಸೆರೆವಾಸವಾಯಿತು. ನೌಕರನನ್ನು ಹಿಡಿಯಲು ತಂದ ಯಂತ್ರಕ್ಕೆ ಸುಳ್ಳು ಹೇಳಿಸುವ ಶಕ್ತಿ ಎಲ್ಲರಿಗಿಂತ ಹೆಚ್ಚಾಗಿ ಮಾಲೀಕನಿಗೇ ಇತ್ತು. ಆ ಕಡೆ ಗಟ್ಟಿಯಾಗಿ ಕೈ ತೋರಿಸಿದ ಸರ್ಕಾರಗಳಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದೂ ಒಂದು. ಪ್ರತಿ ಬಿಲ್ಲನ್ನೂ ದಾಖಲಿಸಿಕೊಳ್ಳುವ ಮೊಹರು ಹಾಕಿದ ಉಪಕರಣವೊಂದನ್ನು 2011ರ ನವೆಂಬರ್ ಹೊತ್ತಿಗೆ ಅಲ್ಲಿನ ರೆಸ್ಟೊರೆಂಟುಗಳಿಗೆ ಕಡ್ಡಾಯ ಮಾಡಿತು. ಗ್ರಾಹಕನಿಗೆ ಬಿಲ್ ಕೊಡಲೇಬೇಕೆಂಬ ನಿಯಮವೂ ಜತೆಗಿತ್ತು.

ಈಗ ನಮ್ಮಲ್ಲಿ ಎಷ್ಟೋ ಕಡೆ ನೋಟಿನ ಜಾಗಕ್ಕೆ ಕ್ಯೂಆರ್ ಕೋಡ್ ಬಂದಿದೆ. ಗಂಟೆಯ ಜಾಗದಲ್ಲಿ, ಇಷ್ಟು ರೂಪಾಯಿ ಬಂತೆಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ ಕೂತಿದೆ. ಖಾನೆಯೇ ಇಲ್ಲದ ಗಲ್ಲಾದಿಂದ ಕದಿಯುವುದು ಹೇಗೆಂಬ ಪ್ರಶ್ನೆಗೆ ಮಂಗಳೂರಿನಲ್ಲೇ ಉತ್ತರ ಸಿಕ್ಕಿತು. ಪೆಟ್ರೋಲ್ ಬಂಕೊಂದರ ಮೇಲ್ವಿಚಾರಕ ಬಂಕಿನ ಕ್ಯೂಆರ್ ಕೋಡ್ ತೆಗೆದು ತನ್ನ ಖಾತೆಯದನ್ನು ಇಟ್ಟು ಸುಮಾರು 58 ಲಕ್ಷ ರೂಪಾಯಿ ಸೆಳೆದ ಎಂಬ ಆರೋಪ 2025ರ ಆರಂಭದಲ್ಲಿ ಸುದ್ದಿಯಾಯಿತು. ಹಣ ಹಾಕುವವರ ಫೋನಿನಲ್ಲಿ ಪಡೆಯುವವರ ಹೆಸರು, ಪಿನ್ ಒತ್ತುವ ಮೊದಲೇ ಪರದೆಯ ಮೇಲೆ ಮೂಡುತ್ತದೆ.